ಎಂಟನೆಯವನಿಲ್ಲದ ತಂಡ

2022ರ ಜನವರಿ 21ರ ರಾತ್ರಿ ಸ್ಯಾನ್ ಆಂಟೋನಿಯೊದಲ್ಲಿ ಗೆದ್ದು ಹೊರಟಾಗ ಬ್ರೂಕ್ಲಿನ್ ನೆಟ್ಸ್ ತಂಡದ ಖಾತೆಯಲ್ಲಿ 29 ಗೆಲುವು, 16 ಸೋಲು ಇದ್ದವು. ಫೆಬ್ರವರಿ 12ರ ರಾತ್ರಿ ಮಯಾಮಿಯಲ್ಲಿ ಆಟ ಮುಗಿದಾಗಲೂ ಗೆಲುವು 29ರಲ್ಲೇ ನಿಂತಿತ್ತು. ಸೋಲು ಮಾತ್ರ 27ಕ್ಕೆ ಬಂದು ಮುಟ್ಟಿತ್ತು. ಮೂರು ವಾರ, ಹನ್ನೊಂದು ಪಂದ್ಯ, ಹನ್ನೊಂದರಲ್ಲೂ ಸೋಲು. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಇದಕ್ಕಿಂತ ಉದ್ದದ ಸೋಲಿನ ಸರಪಳಿಗಳು ಬೇಕಾದಷ್ಟಿವೆ. 2023ರಲ್ಲಿ ಡೆಟ್ರಾಯಿಟ್ ಪಿಸ್ಟನ್ಸ್ ಸಾಲಾಗಿ 28 ಪಂದ್ಯ ಸೋತಿತು. ಜನ ಅಯ್ಯೋ ಪಾಪ ಎಂದು ಸುಮ್ಮನಾದರು. ನೆಟ್ಸ್ ಸೋತಾಗ ಯಾರೂ ಪಾಪ ಎನ್ನಲಿಲ್ಲ. ಕೆವಿನ್ ಡ್ಯುರಾಂಟ್, ಜೇಮ್ಸ್ ಹಾರ್ಡನ್, ಕೈರಿ ಅರ್ವಿಂಗ್ ಮೂವರೂ ಒಂದೇ ತಂಡದಲ್ಲಿದ್ದರು. ಅವರ ಹಿಂದೆ ಬ್ಲೇಕ್ ಗ್ರಿಫಿನ್, ಲಮಾರ್ಕಸ್ ಆಲ್ಡ್ರಿಜ್, ಪಾಲ್ ಮಿಲ್ಸಾಪ್ ಇದ್ದರು. ಆಲ್‌ಸ್ಟಾರ್ ಪಂದ್ಯಕ್ಕೆ ಒಂದಲ್ಲ ಒಂದು ಕಾಲದಲ್ಲಿ ಆಯ್ಕೆಯಾದ ಆರು ಮಂದಿ ಒಂದೇ ಡ್ರೆಸಿಂಗ್ ರೂಮಿನಲ್ಲಿ! ಋತು ಆರಂಭವಾಗುವ ಮೊದಲು ಬಾಜಿ ಕಟ್ಟುವವರ ಪಟ್ಟಿಯಲ್ಲಿ ಪ್ರಶಸ್ತಿಗೆ ಮೊದಲ ಹೆಸರೇ ಇವರದ್ದಾಗಿತ್ತು.

ಇಂಥ ತಂಡ ಸೋತಾಗ ತೀರ್ಪು ಮೊದಲೇ ಸಿದ್ಧವಾಗಿರುತ್ತದೆ. ಒಂದೇ ಒರೆಯಲ್ಲಿ ಎರಡು ಕತ್ತಿ ನಿಲ್ಲುವುದಿಲ್ಲ ಎಂಬ ಗಾದೆ ನಮ್ಮಲ್ಲೇ ಇದೆ. ಇಲ್ಲಿ ಕತ್ತಿಗಳು ಮೂರು. ಅಹಂಕಾರ ಅಡ್ಡ ಬಂತು, ತಂಡಕ್ಕಿಂತ ತಾನು ದೊಡ್ಡವನೆಂದುಕೊಂಡರು, ದುಡ್ಡು ಕೊಟ್ಟು ಹೆಸರು ತರಬಹುದು ಒಗ್ಗಟ್ಟು ತರಲಾಗದು — ಈ ಮಾತುಗಳಲ್ಲಿ ನೀತಿಕಥೆಯ ಸುಖವಿದೆ. ದೊಡ್ಡವರು ಬಿದ್ದುದನ್ನು ನೋಡುವ ಸಣ್ಣ ಖುಷಿಯೂ ಇದೆ. ಆದರೆ ಆ ಹನ್ನೊಂದು ಪಂದ್ಯಗಳನ್ನೂ ಅವುಗಳ ಹಿಂದಿನ ಮೂರು ವರ್ಷಗಳನ್ನೂ ಬಿಡಿಸಿ ನೋಡಿದರೆ ಅಹಂಕಾರಕ್ಕೆ ಸಿಗುವ ಸಾಕ್ಷ್ಯ ತೀರಾ ಕಡಿಮೆ. ಸಿಗುವುದು ಹೆಚ್ಚು ನೀರಸವಾದ, ಬಹುಶಃ ಅದಕ್ಕೇ ಯಾರೂ ಹೇಳದ ಕಾರಣ. ತಾರೆಯರ ತಂಡ ತಾರೆಯರಿಂದ ಸೋಲುವುದಿಲ್ಲ, ಅವರು ಇಲ್ಲದ ದಿನ ಸೋಲುತ್ತದೆ. ಅವರನ್ನು ಕೊಳ್ಳಲು ಯಾರನ್ನು ಮಾರಿತೋ ಅವರೇ ಆ ದಿನ ಬೇಕಾಗಿದ್ದವರು.

ಮೊದಲು ಅಹಂಕಾರದ ವಾದವನ್ನೇ ನೋಡೋಣ. ಶಕೀಲ್ ಒನೀಲ್ ಮತ್ತು ಕೋಬಿ ಬ್ರಯಂಟ್ ಒಬ್ಬರನ್ನೊಬ್ಬರು ಸಹಿಸುತ್ತಿರಲಿಲ್ಲ ಎಂಬುದು ಗುಟ್ಟೇನೂ ಆಗಿರಲಿಲ್ಲ. ಪತ್ರಿಕೆಗಳ ಮೂಲಕವೇ ಕಚ್ಚಾಡುತ್ತಿದ್ದರು. ಆ ಕಚ್ಚಾಟದ ನಡುವೆಯೇ ಲಾಸ್ ಏಂಜಲೀಸ್ ಲೇಕರ್ಸ್ 2000, 2001, 2002ರಲ್ಲಿ ಸಾಲಾಗಿ ಮೂರು ಪ್ರಶಸ್ತಿ ಎತ್ತಿತು. ಮನಸ್ತಾಪವೇ ಸೋಲಿಸುವುದಾದರೆ ಆ ತಂಡ ಮೊದಲ ವರ್ಷವೇ ಮುಳುಗಬೇಕಿತ್ತು. ನೆಟ್ಸ್ ವಿಷಯದಲ್ಲಿ ಎಲ್ಲರೂ ತೋರಿಸುವುದು ಫೆಬ್ರವರಿ 2ರ ಸ್ಯಾಕ್ರಮೆಂಟೊ ಪಂದ್ಯವನ್ನು. ಲೀಗಿನ ಅಂಕಗಳಿಕೆಯಲ್ಲಿ ಮೂರು ವರ್ಷ ಸತತ ಮೊದಲಿಗರಾಗಿದ್ದ ಹಾರ್ಡನ್ ಅಂದು ಗಳಿಸಿದ್ದು ಬರೀ 4 ಅಂಕ. ಅವರ ಮನಸ್ಸು ಆಗಲೇ ಬೇರೆ ಊರಿನಲ್ಲಿತ್ತು ಎಂದರು. ಎಂಟು ದಿನಗಳ ಬಳಿಕ ಅವರು ಫಿಲಡೆಲ್ಫಿಯಾಕ್ಕೆ ಹೋದದ್ದು ನೋಡಿದರೆ ಆ ಮಾತು ಸುಳ್ಳೇನಲ್ಲ. ಆದರೆ ಕ್ರಮವನ್ನು ಗಮನಿಸಬೇಕು. ಸ್ಯಾಕ್ರಮೆಂಟೊ ಸೋಲು ಸರಪಳಿಯ ಆರನೆಯದು. ಗೆಲ್ಲುವ ತಂಡದಲ್ಲಿ ಮುನಿಸು ಮೂಲೆಯಲ್ಲಿ ಕೂತಿರುತ್ತದೆ, ಸೋಲು ಬಂದಾಗ ಎದ್ದು ನಡುಮನೆಗೆ ಬರುತ್ತದೆ. ನಡುಮನೆಯಲ್ಲಿ ಕಂಡದ್ದನ್ನೇ ಕಾರಣವೆಂದು ಹಿಡಿಯುವುದು ಸುಲಭ, ಅಷ್ಟೇ.

ಎರಡನೆಯ ವಾದ ಇದಕ್ಕಿಂತ ಬುದ್ಧಿವಂತಿಕೆಯದ್ದು: ಚೆಂಡು ಒಂದೇ ತಾನೆ? 48 ನಿಮಿಷದ ಪಂದ್ಯದಲ್ಲಿ ಒಂದು ತಂಡದ ಕೈಗೆ ಚೆಂಡು ಬರುವುದು ಹೆಚ್ಚು ಕಡಿಮೆ 100 ಸಲ; ಪ್ರತಿ ಸಲವೂ 24 ಸೆಕೆಂಡಿನೊಳಗೆ ಬುಟ್ಟಿಯತ್ತ ಎಸೆಯಲೇಬೇಕು. ಹಳೆಯ ತಂಡದಲ್ಲಿ ಈ ನೂರರಲ್ಲಿ ಮೂವತ್ತು, ಮೂವತ್ತೈದನ್ನು ತಾನೇ ಮುಗಿಸುತ್ತಿದ್ದ ಮೂವರನ್ನು ಒಟ್ಟಿಗೆ ತಂದರೆ ಉಳಿದಿಬ್ಬರ ಪಾಲಿಗೆ ಏನೂ ಉಳಿಯುವುದಿಲ್ಲ. ಇಲ್ಲವೇ ಮೂವರೂ ತಮ್ಮ ತಮ್ಮ ಪಾಲನ್ನು ಕತ್ತರಿಸಿಕೊಳ್ಳಬೇಕು. ಮೂರು ಪ್ರತಿಭೆ ಕೂಡಿದರೆ ಮೊತ್ತ ಮೂರಾಗುವುದಿಲ್ಲ, ಎರಡೂ ಚಿಲ್ಲರೆ ಆಗುತ್ತದೆ. ಈ ವಾದಕ್ಕೆ ಒಪ್ಪುವ ಉದಾಹರಣೆ 2012-13ರ ಲೇಕರ್ಸ್. ಕೋಬಿ ಮತ್ತು ಪೌ ಗಸೋಲ್ ಇದ್ದ ತಂಡಕ್ಕೆ ಆ ಬೇಸಿಗೆಯಲ್ಲಿ ಸ್ಟೀವ್ ನ್ಯಾಶ್ ಮತ್ತು ಡ್ವೈಟ್ ಹೋವರ್ಡ್ ಬಂದರು. ಅಭ್ಯಾಸ ಪಂದ್ಯಗಳು ಎಂಟು, ಎಂಟೂ ಸೋಲು. ಋತುವಿನ ಮೊದಲ ಐದು ಪಂದ್ಯಗಳಲ್ಲಿ ನಾಲ್ಕು ಸೋಲು. ಐದನೆಯದರ ಬೆನ್ನಿಗೆ ಕೋಚ್ ಮೈಕ್ ಬ್ರೌನ್ ಮನೆಗೆ. ಅವರ ಜಾಗಕ್ಕೆ ಬಂದ ಮೈಕ್ ಡ್ಯಾಂಟೋನಿಗೆ ಓಡುವ ತಂಡ ಬೇಕಿತ್ತು, ಸಿಕ್ಕಿದ್ದು ವಯಸ್ಸಾದ ಕಾಲುಗಳು. ಬುಟ್ಟಿಯ ಬುಡದಲ್ಲಿ ನಿಲ್ಲಬೇಕಾದವರು ಗಸೋಲ್ ಮತ್ತು ಹೋವರ್ಡ್ ಇಬ್ಬರೂ. ಒಬ್ಬರು ನಿಂತರೆ ಇನ್ನೊಬ್ಬರಿಗೆ ಜಾಗವಿಲ್ಲ. ಚೆಂಡನ್ನು ಕೈಯಲ್ಲಿಟ್ಟುಕೊಂಡೇ ಆಟ ಕಟ್ಟಬೇಕಾದವರು ನ್ಯಾಶ್ ಮತ್ತು ಕೋಬಿ ಇಬ್ಬರೂ. 2013ರ ಜನವರಿಯ ಮೊದಲ ಹನ್ನೊಂದು ದಿನದಲ್ಲಿ ಆರು ಪಂದ್ಯ ಸಾಲಾಗಿ ಸೋತು, ಅದೇ ತಿಂಗಳಲ್ಲಿ ತಂಡ 17 ಗೆಲುವು 25 ಸೋಲಿಗೆ ಇಳಿಯಿತು.

ಒಪ್ಪುವ ಉದಾಹರಣೆ ಎಂದೆ. ಅದೂ ಪೂರ್ತಿ ಒಪ್ಪುವುದಿಲ್ಲ. ಮೂವತ್ತೆಂಟರ ನ್ಯಾಶ್ ಋತುವಿನ ಎರಡನೆಯ ಪಂದ್ಯದಲ್ಲೇ ಕಾಲಿನ ಮೂಳೆ ಮುರಿದುಕೊಂಡು ಡಿಸೆಂಬರ್ ಕೊನೆಯವರೆಗೆ ಹೊರಗಿದ್ದರು. ಹೋವರ್ಡ್ ಬಂದದ್ದೇ ಬೆನ್ನಿನ ಶಸ್ತ್ರಚಿಕಿತ್ಸೆ ಮುಗಿಸಿ. ಜನವರಿಯಲ್ಲಿ ಭುಜವೂ ಕೈಕೊಟ್ಟಿತು. ಗಸೋಲ್ ಪಾದದ ನೋವಿನಿಂದ ವಾರಗಟ್ಟಲೆ ಕೂತರು. ಚೆಂಡಿನ ಹಂಚಿಕೆಯ ಜಗಳ ಶುರುವಾಗಬೇಕಾದರೆ ಹಂಚಿಕೊಳ್ಳುವವರೆಲ್ಲ ಮೊದಲು ಅಂಕಣದಲ್ಲಿರಬೇಕಲ್ಲ. ಕೊನೆಗೆ ತಂಡವನ್ನು ಪ್ಲೇಆಫ್‌ಗೆ ಎಳೆದು ತರುವ ಹಟದಲ್ಲಿ, ಮೂವತ್ತನಾಲ್ಕರ ಕೋಬಿ ಏಪ್ರಿಲ್‌ನಲ್ಲಿ ಬಹುತೇಕ ಇಡೀ ಪಂದ್ಯಗಳನ್ನೇ ಆಡುತ್ತ ಹೋಗಿ, 12ರಂದು ಹಿಮ್ಮಡಿಯ ಅಕಿಲಿಸ್ ಸ್ನಾಯುರಜ್ಜು ಹರಿದುಕೊಂಡರು. ಆ ಕಾಲಿನಲ್ಲೇ ನಿಂತು ಎರಡು ಫ್ರೀ ಥ್ರೋ ಹಾಕಿ ಹೊರನಡೆದರು. ಆ ದೃಶ್ಯವನ್ನು ಜನ ಶೌರ್ಯವೆಂದು ನೆನೆಯುತ್ತಾರೆ. ಅದು ಶೌರ್ಯವೇ. ಆದರೆ ಬೆಂಚಿನಲ್ಲಿ ಕೂತವರ ಮೇಲೆ ಕೋಚ್‌ಗೆ ನಂಬಿಕೆ ಇದ್ದಿದ್ದರೆ ಆ ವಯಸ್ಸಿನ ಆಟಗಾರ ಅಷ್ಟು ನಿಮಿಷ ಅಂಕಣದಲ್ಲಿ ಇರುತ್ತಲೇ ಇರಲಿಲ್ಲ.

ನೆಟ್ಸ್ ಬಗ್ಗೆಯಂತೂ ಒಂದೇ ಚೆಂಡಿನ ವಾದ ನಿಲ್ಲುವುದೇ ಇಲ್ಲ. (ಆ ಹೊತ್ತಿಗೆ ಇದೇ ಸ್ಟೀವ್ ನ್ಯಾಶ್ ನೆಟ್ಸ್‌ನ ಕೋಚ್ ಆಗಿದ್ದರು, ಮೊದಲ ವರ್ಷ ಅವರ ಸಹಾಯಕರಾಗಿದ್ದವರು ಇದೇ ಡ್ಯಾಂಟೋನಿ. ಇಂಥ ತಂಡ ಕುಸಿಯುವುದನ್ನು ಇವರಷ್ಟು ಹತ್ತಿರದಿಂದ ಕಂಡವರು ಲೀಗಿನಲ್ಲಿ ಇನ್ನಾರೂ ಇರಲಿಲ್ಲ.) ಡ್ಯುರಾಂಟ್, ಹಾರ್ಡನ್, ಅರ್ವಿಂಗ್ ಮೂವರೂ ಒಟ್ಟಿಗೆ ಅಂಕಣಕ್ಕಿಳಿದ ಪಂದ್ಯಗಳಲ್ಲಿ ನೆಟ್ಸ್ 13 ಗೆದ್ದಿತು, 3 ಸೋತಿತು. 2022ರ ಜನವರಿ 12ರಂದು, ಸರಪಳಿ ಶುರುವಾಗುವ ಹನ್ನೊಂದು ದಿನ ಮೊದಲು, ಮೂವರೂ ಕೂಡಿ ಶಿಕಾಗೊ ತಂಡವನ್ನು ಅದರ ಊರಿನಲ್ಲೇ 138-112ರಿಂದ ಬಡಿದುಹಾಕಿದ್ದರು. ಹಾರ್ಡನ್ ಅಂಕ ಗಳಿಸುವ ಆಸೆಯನ್ನು ಬದಿಗಿಟ್ಟು ಪಾಸ್ ಕೊಡುವವರಾದರು, ಅರ್ವಿಂಗ್ ಚೆಂಡಿಲ್ಲದೆ ಓಡಲು ಕಲಿತರು. ಕತ್ತಿಗಳು ಒರೆಯೊಳಗೆ ಚೆನ್ನಾಗಿಯೇ ಕೂತವು. ಸಂಕಟವೆಂದರೆ ಆ 13 ಮತ್ತು 3ರ ಮೊತ್ತ. ಹದಿಮೂರು ತಿಂಗಳ ಸಹವಾಸದಲ್ಲಿ, ಪ್ಲೇಆಫ್‌ನ ಆರನ್ನೂ ಸೇರಿಸಿ, ಮೂವರೂ ಒಟ್ಟಿಗಿದ್ದದ್ದು ಹದಿನಾರೇ ಪಂದ್ಯ.

ಹದಿನಾರು ಎಂಬುದು ದುರದೃಷ್ಟದ ಅತಿರೇಕ, ನಿಜ. ಆದರೆ ಅದೃಷ್ಟ ಸಾಧಾರಣವಾಗಿದ್ದರೂ ಲೆಕ್ಕ ಅಷ್ಟೇನೂ ಸುಖಕರವಲ್ಲ. ಆರು ತಿಂಗಳೊಳಗೆ 82 ಪಂದ್ಯ, ಒಂದು ಕರಾವಳಿಯಿಂದ ಇನ್ನೊಂದು ಕರಾವಳಿಗೆ ವಿಮಾನ, ಮೂವತ್ತು ದಾಟಿದ ಮೊಣಕಾಲುಗಳು. ಒಬ್ಬೊಬ್ಬ ತಾರೆಯೂ ಐದಕ್ಕೆ ನಾಲ್ಕು ಪಂದ್ಯ ಆಡುತ್ತಾನೆ ಎಂದಿಟ್ಟುಕೊಳ್ಳಿ. ಈ ಕಾಲದ ಲೀಗಿನಲ್ಲಿ ಅದು ಉದಾರವಾದ ಊಹೆ. ಹಾಗಿದ್ದರೂ ಮೂವರೂ ಒಟ್ಟಿಗೆ ಸಿಗುವುದು ನೂರಕ್ಕೆ ಐವತ್ತೊಂದು ಪಂದ್ಯಗಳಲ್ಲಿ ಮಾತ್ರ. ನಾಲ್ಕಕ್ಕೆ ಮೂರು ಎಂದರೆ ನಲವತ್ತೆರಡಕ್ಕೆ ಇಳಿಯುತ್ತದೆ. ಅಂದರೆ ಪೋಸ್ಟರಿನಲ್ಲಿ ಕಾಣುವ ತಂಡ ಋತುವಿನ ಹೆಚ್ಚು ಕಡಿಮೆ ಅರ್ಧದಷ್ಟು ದಿನ ಅಸ್ತಿತ್ವದಲ್ಲೇ ಇರುವುದಿಲ್ಲ. 2021-22ರಲ್ಲೇ ಇನ್ನೊಂದು ಕರಾವಳಿಯಲ್ಲಿ ಲೇಕರ್ಸ್ ಇದೇ ಪಾಠ ಓದುತ್ತಿತ್ತು: ಲೆಬ್ರಾನ್ ಜೇಮ್ಸ್, ಆ್ಯಂತನಿ ಡೇವಿಸ್, ರಸೆಲ್ ವೆಸ್ಟ್‌ಬ್ರೂಕ್ ಒಟ್ಟಿಗೆ ಆಡಿದ್ದು 82ರಲ್ಲಿ 21 ಪಂದ್ಯ. ಲೆಬ್ರಾನ್ ಪಂದ್ಯಕ್ಕೆ ಸರಾಸರಿ 30.3 ಅಂಕ ಗಳಿಸಿದ ಆ ವರ್ಷ ತಂಡ 33 ಗೆದ್ದು 49 ಸೋತು, ಪ್ಲೇಆಫ್‌ನ ಬಾಗಿಲನ್ನೂ ಮುಟ್ಟದೆ ಮನೆಗೆ ಹೋಯಿತು.

ಇದಕ್ಕಿಂತ ಮುಖ್ಯವಾದ ಲೆಕ್ಕ ನಿಮಿಷಗಳದ್ದು. ಅಂಕಣದಲ್ಲಿ ಒಮ್ಮೆಗೆ ಐವರು, ಪಂದ್ಯ 48 ನಿಮಿಷ. ಒಟ್ಟು ತುಂಬಿಸಬೇಕಾದದ್ದು 240 ನಿಮಿಷ. ಮೂವರು ತಾರೆಯರೂ ಆರೋಗ್ಯವಾಗಿದ್ದು ತಲಾ 36 ನಿಮಿಷ ಆಡಿದರೆ 108 ಆಯಿತು. ಉಳಿದ 132 ನಿಮಿಷ ಆಡುವವರು ಬೇರೆಯವರು. ಎಲ್ಲ ಸರಿಯಿರುವ ದಿನವೂ ತಾರೆಯರ ತಂಡದ ಅರ್ಧಕ್ಕಿಂತ ಹೆಚ್ಚು ಆಟ ಆಡುವುದು ತಾರೆಯರಲ್ಲದವರು! ಒಬ್ಬ ತಾರೆ ಹೊರಗುಳಿದರೆ ಅವರ ಪಾಲು 168, ಇಬ್ಬರಾದರೆ 204. ಆರನೆಯವನು, ಏಳನೆಯವನು, ಎಂಟನೆಯವನು ಯಾರು ಎಂಬ ಪ್ರಶ್ನೆ ಆಗ ಪಕ್ಕದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಕನ್ನಡ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. 2024ರ ಐಪಿಎಲ್‌ನಲ್ಲಿ ವಿರಾಟ್ ಕೊಹ್ಲಿ 741 ರನ್ ಹೊಡೆದು ಇಡೀ ಟೂರ್ನಿಗೆ ಮೊದಲಿಗರಾದರು. ಅದೇ ಟೂರ್ನಿಯಲ್ಲಿ ಆರ್‌ಸಿಬಿ ಮೊದಲ ಎಂಟರಲ್ಲಿ ಏಳು ಸೋತಿತ್ತು, ಆರಂತೂ ಸಾಲಾಗಿ. ಬ್ಯಾಟಿಂಗ್‌ನ ಮೇಲ್ತುದಿಗೆ ಸುರಿದ ಹಣ ಬೌಲಿಂಗ್‌ಗೆ ಉಳಿದಿರಲಿಲ್ಲ ಎಂದು ಬೆಂಗಳೂರಿನ ಯಾವ ಆಟೊ ಚಾಲಕನೂ ಹೇಳಬಲ್ಲವನಾಗಿದ್ದ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಒಬ್ಬನ ತೂಕ ಹನ್ನೊಂದಕ್ಕೆ ಒಂದಲ್ಲ, ಐದಕ್ಕೆ ಒಂದು. ಹಾಗಾಗಿ ಏರುವುದೂ ಹೆಚ್ಚು, ಬೀಳುವುದೂ ಹೆಚ್ಚು.

ನೆಟ್ಸ್ ಎಂಟನೆಯವನನ್ನು ಎಲ್ಲಿ ಕಳೆದುಕೊಂಡಿತು? 2021ರ ಜನವರಿಯಲ್ಲಿ ಹಾರ್ಡನ್‌ಗಾಗಿ ಕೊಟ್ಟ ಬೆಲೆಯಲ್ಲಿ. ನಾಲ್ಕು ತಂಡಗಳ ಆ ವಿನಿಮಯದಲ್ಲಿ ನೆಟ್ಸ್ ತನ್ನ ಯುವ ಸೆಂಟರ್ ಜ್ಯಾರೆಟ್ ಆ್ಯಲನ್, ಬೆಂಚಿನಿಂದ ಎದ್ದು ಬಂದು ಪಂದ್ಯ ತಿರುಗಿಸಬಲ್ಲ ಕ್ಯಾರಿಸ್ ಲೆವರ್ಟ್, ಜೊತೆಗೆ ಟೋರಿಯನ್ ಪ್ರಿನ್ಸ್ ಎಂಬುವರನ್ನು ಬಿಟ್ಟುಕೊಟ್ಟಿತು; ಮುಂದಿನ ವರ್ಷಗಳ ಮೊದಲ ಸುತ್ತಿನ ಮೂರು ಡ್ರಾಫ್ಟ್ ಹಕ್ಕು, ಇನ್ನು ನಾಲ್ಕು ವರ್ಷಗಳಲ್ಲಿ ಹಕ್ಕು ಅದಲುಬದಲು ಮಾಡಿಕೊಳ್ಳುವ ಅವಕಾಶ, ಇವೂ ಹೋದವು. ಡ್ರಾಫ್ಟ್ ಎಂದರೆ ಪ್ರತಿ ವರ್ಷ ಹೊಸ ಹುಡುಗರನ್ನು ಕಡಿಮೆ ಸಂಬಳಕ್ಕೆ ಆರಿಸಿಕೊಳ್ಳುವ ಸರದಿ. ಸಂಬಳಕ್ಕೆ ಮಿತಿಯಿರುವ ಲೀಗಿನಲ್ಲಿ ಒಳ್ಳೆಯ ಎಂಟನೆಯವನು ಅಗ್ಗಕ್ಕೆ ಸಿಗುವ ಜಾಗ ಅದೊಂದೇ. 2021-22ರಲ್ಲಿ ಒಂದು ತಂಡದ ಸಂಬಳ ಮಿತಿ 11.24 ಕೋಟಿ ಡಾಲರ್. ಡ್ಯುರಾಂಟ್, ಹಾರ್ಡನ್, ಅರ್ವಿಂಗ್ ಮೂವರ ಸಂಬಳವೇ ಇದನ್ನು ದಾಟಿತ್ತು. ತನ್ನ ಆಟಗಾರರನ್ನು ಉಳಿಸಿಕೊಳ್ಳಲು ಮಿತಿ ಮೀರಬಹುದು, ತೀರಾ ಮೀರಿದರೆ ದಂಡದ ತೆರಿಗೆ ಕಟ್ಟಬೇಕು, ಅಷ್ಟೇ. ಆದರೆ ಅಷ್ಟು ಮಿತಿ ಮೀರಿದ ತಂಡ ವಿನಿಮಯವಿಲ್ಲದೆ ಹೊರಗಿನಿಂದ ಆಟಗಾರರನ್ನು ತರಲು ಕನಿಷ್ಠ ಸಂಬಳವನ್ನೋ ಅದಕ್ಕಿಂತ ಚೂರು ಹೆಚ್ಚನ್ನೋ ಕೊಡಲು ಮಾತ್ರ ಸಾಧ್ಯ. ಆ ಸಂಬಳಕ್ಕೆ ಒಪ್ಪಿ ಬರುವವರು ಎರಡೇ ಬಗೆ. ಇನ್ನೂ ಏನೂ ತೋರಿಸದ ಹುಡುಗರು, ಇಲ್ಲವೇ ಎಲ್ಲವನ್ನೂ ತೋರಿಸಿ ಮುಗಿಸಿ ಕೊನೆಗೊಂದು ಪ್ರಶಸ್ತಿಯ ಉಂಗುರಕ್ಕಾಗಿ ಬರುವ ಹಿರಿಯರು. ಗ್ರಿಫಿನ್, ಆಲ್ಡ್ರಿಜ್, ಮಿಲ್ಸಾಪ್ ಈ ಎರಡನೆಯ ಬಗೆಯವರು. ಹೆಸರುಗಳು ದೊಡ್ಡವು, ಆದರೆ ಫೆಬ್ರವರಿಯ ಮಂಗಳವಾರ ರಾತ್ರಿ, ಎದುರಾಳಿಯ ಇಪ್ಪತ್ತೆರಡರ ಹುಡುಗನ ಹಿಂದೆ ಓಡಲು ಹೆಸರಿಗೆ ಆಗುವುದಿಲ್ಲ.

ಕ್ಲೀವ್‌ಲ್ಯಾಂಡ್ ಪಾಲಾದ ಆ್ಯಲನ್ ಮುಂದೆ ಏನಾದರು ಎಂಬುದು ಯಾವ ಕಾದಂಬರಿಕಾರನೂ ಬರೆಯಲು ಹಿಂಜರಿಯುವ ತಿರುವು. 2022ರ ಫೆಬ್ರವರಿಯಲ್ಲಿ ಆಲ್‌ಸ್ಟಾರ್ ಪಂದ್ಯಕ್ಕೆ ಆಯ್ಕೆಯಾಗಿದ್ದ ಹಾರ್ಡನ್ ತೊಡೆಯ ಸ್ನಾಯು ನೋವಿನಿಂದ ಹಿಂದೆ ಸರಿದರು. ಲೀಗ್ ಅವರ ಬದಲಿಗೆ ಹೆಸರಿಸಿದ್ದು ಜ್ಯಾರೆಟ್ ಆ್ಯಲನ್‌ರನ್ನು. ಅದೇ ವಾರ ನೆಟ್ಸ್ ತನ್ನ ಹತ್ತನೆಯ, ಹನ್ನೊಂದನೆಯ ಸೋಲುಗಳನ್ನು ಎಣಿಸುತ್ತಿತ್ತು.

ಈಗ ಆ ಹನ್ನೊಂದಕ್ಕೆ ಮರಳೋಣ. ಸೋಲಿನ ಸರಪಳಿ ಎಂಬುದು ಸ್ವಲ್ಪ ಮಟ್ಟಿಗೆ ನಾಣ್ಯ ಚಿಮ್ಮುವ ಆಟವೂ ಹೌದು. ನೂರಕ್ಕೆ ಅರವತ್ತು ಪಂದ್ಯ ಗೆಲ್ಲಬಲ್ಲ ಒಳ್ಳೆಯ ತಂಡಕ್ಕೂ 82 ಪಂದ್ಯಗಳ ಒಂದು ಋತುವಿನಲ್ಲಿ ಎಲ್ಲಾದರೊಂದು ಕಡೆ ನಾಲ್ಕು ಸಾಲು ಸೋಲು ಬೀಳುವ ಸಾಧ್ಯತೆ ಹತ್ತಕ್ಕೆ ಏಳು. ಆದ್ದರಿಂದ ನಾಲ್ಕು ಸೋಲಿಗೆ ಕಾರಣ ಹುಡುಕುವ ಟೀವಿ ಚರ್ಚೆಗಳು ಬಹುಪಾಲು ಗಾಳಿಗೆ ಗುದ್ದುವ ಕೆಲಸ. ಆದರೆ ಹನ್ನೊಂದು? ಅದೇ ತಂಡಕ್ಕೆ ಅಂಥ ಸರಪಳಿ ಬೀಳುವುದು ಸಾವಿರ ಋತುಗಳಲ್ಲಿ ಎರಡು ಸಲ. ಹೀಗಾಗಿ ಇದು ಬರೀ ಅದೃಷ್ಟವಲ್ಲ. ಸೋತದ್ದು ಅದೇ ತಂಡವೂ ಅಲ್ಲ. ಜನವರಿ 15ರಂದು ತನ್ನದೇ ತಂಡದ ಆಟಗಾರನೊಬ್ಬ ಕಾಲಿನ ಮೇಲೆ ಬಿದ್ದು ಡ್ಯುರಾಂಟ್‌ರ ಮೊಣಕಾಲಿನ ಅಸ್ಥಿರಜ್ಜು ಉಳುಕಿತ್ತು. ಹನ್ನೊಂದರಲ್ಲಿ ಒಂದನ್ನೂ ಅವರು ಆಡಲಿಲ್ಲ. ಕೋವಿಡ್ ಲಸಿಕೆ ಹಾಕಿಸಿಕೊಳ್ಳದ ಅರ್ವಿಂಗ್‌ಗೆ ನ್ಯೂಯಾರ್ಕ್ ನಗರದ ನಿಯಮದಂತೆ ತವರು ಅಂಕಣಕ್ಕೆ ಕಾಲಿಡುವಂತಿರಲಿಲ್ಲ. ಹನ್ನೊಂದರಲ್ಲಿ ಮೂರು ಪಂದ್ಯ ತವರಿನಲ್ಲಿದ್ದವು. ದೂರದಿಂದ ಮೂರಂಕದ ಎಸೆತ ಹಾಕುವುದರಲ್ಲಿ ಲೀಗಿಗೇ ಎತ್ತಿದ ಕೈ ಎನಿಸಿದ್ದ ಜೋ ಹ್ಯಾರಿಸ್ ನವೆಂಬರ್‌ನಿಂದಲೇ ಪಾದದ ಕೀಲಿನ ಗಾಯದಿಂದ ಹೊರಗಿದ್ದರು. ಫೆಬ್ರವರಿ 8ರಂದು ಬಾಸ್ಟನ್ ಸೆಲ್ಟಿಕ್ಸ್ ಎದುರು ಮೂವರಲ್ಲಿ ಒಬ್ಬರೂ ಇರಲಿಲ್ಲ: 126-91. ಹೀಗೆ ಮೊಟಕಾದ ತಂಡದ ಗೆಲುವಿನ ಸಾಧ್ಯತೆ ನಾಲ್ಕಕ್ಕೆ ಒಂದಕ್ಕೆ ಇಳಿದಿತ್ತು ಎಂದುಕೊಂಡರೆ, ಹನ್ನೊಂದು ಸಾಲು ಸೋಲು ಇಪ್ಪತ್ನಾಲ್ಕು ಸಲಕ್ಕೆ ಒಮ್ಮೆ ಆಗುವಂಥದ್ದು. ಅಪರೂಪ, ಆದರೆ ಪವಾಡವೇನಲ್ಲ. ಕೊನೆಯ ಎರಡು ಸೋಲಿನ ಅಂತರ ಒಂದು ಅಂಕ ಮತ್ತು ನಾಲ್ಕು ಅಂಕ ಎಂಬುದನ್ನೂ ಇಲ್ಲಿ ಸೇರಿಸಬೇಕು. ಅಷ್ಟರ ಮಟ್ಟಿಗೆ ಅದೃಷ್ಟವೂ ಕೈಕೊಟ್ಟಿತ್ತು.

ಹಾಗಾದರೆ ಇದು ಗಾಯದ ಕಥೆ, ತಂಡ ಕಟ್ಟಿದವರನ್ನು ದೂರುವುದೇಕೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದರಲ್ಲೂ ಲಸಿಕೆಯ ವಿಷಯ 2019ರಲ್ಲಿ ಅರ್ವಿಂಗ್ ಜೊತೆ ಕರಾರು ಮಾಡಿಕೊಂಡವರಿಗೆ ಕನಸಿನಲ್ಲೂ ಹೊಳೆಯುವಂಥದ್ದಲ್ಲ. ಯಾರು ಯಾವಾಗ ಬೀಳುತ್ತಾರೆ ಎಂಬುದು ವಿಧಿಯ ಕೈಯಲ್ಲಿದೆ ಎಂದೇ ಒಪ್ಪೋಣ. ಬಿದ್ದಾಗ ಎಷ್ಟು ನೋಯುತ್ತದೆ ಎಂಬುದು ಮಾತ್ರ ಕಟ್ಟಿದವರ ಕೈಯಲ್ಲಿತ್ತು. ಅದೇ ಋತುವಿನ ಮೆಂಫಿಸ್ ಗ್ರಿಜ್ಲೀಸ್ ತಂಡವನ್ನು ಪಕ್ಕದಲ್ಲಿಟ್ಟು ನೋಡಿ. ಅದರ ಏಕೈಕ ದೊಡ್ಡ ತಾರೆ ಜಾ ಮೊರಾಂಟ್ 25 ಪಂದ್ಯಗಳಲ್ಲಿ ಆಡಲಿಲ್ಲ. ಆ ಇಪ್ಪತ್ತೈದರಲ್ಲಿ ಮೆಂಫಿಸ್ ಇಪ್ಪತ್ತನ್ನು ಗೆದ್ದಿತು. ಅವರ ಜಾಗದಲ್ಲಿ ನಿಂತ ಟೈಅಸ್ ಜೋನ್ಸ್ ಹೆಸರನ್ನು ಅಮೆರಿಕದಲ್ಲೇ ಅನೇಕರು ಕೇಳಿರಲಿಲ್ಲ. ಉಳಿದವರಲ್ಲಿ ಹೆಚ್ಚಿನವರು ಡ್ರಾಫ್ಟ್‌ನಲ್ಲಿ ಆರಿಸಿ ಬೆಳೆಸಿಕೊಂಡ ಹುಡುಗರು. ಗಾಯ ಎರಡೂ ಊರಿಗೆ ಬಂತು. ಒಂದು ಊರಿನಲ್ಲಿ ಅದು ಸುದ್ದಿ, ಇನ್ನೊಂದರಲ್ಲಿ ದುರಂತ.

ಮೆಂಫಿಸ್ ಆ ವರ್ಷ ಪ್ರಶಸ್ತಿ ಗೆಲ್ಲಲಿಲ್ಲವಲ್ಲ ಎಂಬ ಮರುಪ್ರಶ್ನೆ ಇಲ್ಲಿ ಬಂದೇ ಬರುತ್ತದೆ. ಗೆಲ್ಲಲಿಲ್ಲ, ಎರಡನೆಯ ಸುತ್ತಿನಲ್ಲಿ ಗೋಲ್ಡನ್ ಸ್ಟೇಟ್ ಎದುರು ಹೊರಬಿತ್ತು. ಬ್ಯಾಸ್ಕೆಟ್‌ಬಾಲ್‌ನಲ್ಲಿ ತಾರೆಯರಿಲ್ಲದೆ ಪ್ರಶಸ್ತಿ ಎತ್ತಿದ ತಂಡಗಳು ಬೆರಳೆಣಿಕೆಯಷ್ಟು. 2004ರ ಡೆಟ್ರಾಯಿಟ್‌ನ ಹೆಸರನ್ನು ಇಂದಿಗೂ ಎಲ್ಲರೂ ಹೇಳುವುದೇ ಅದು ಅಪವಾದವೆಂಬ ಕಾರಣಕ್ಕೆ. ಆದ್ದರಿಂದ ತಾರೆಯರನ್ನು ಕೊಳ್ಳಬಾರದು ಎಂಬುದು ನನ್ನ ವಾದವಲ್ಲ. ಎರಡನೆಯ ತಾರೆಯ ತನಕ ಲೆಕ್ಕ ಸರಿಯಾಗಿಯೇ ಇರುತ್ತದೆ. ಮೂರನೆಯವನಿಗೆ ಕೊಡುವ ಬೆಲೆಯೇ ಬೇರೆ: ಅವನು ಬಂದದ್ದರಿಂದ ಒಳ್ಳೆಯ ದಿನ ತುಸು ಇನ್ನೂ ಒಳ್ಳೆಯದಾಗುತ್ತದೆ, ಕೆಟ್ಟ ದಿನ ಮಾತ್ರ ತೀರಾ ಕೆಟ್ಟದಾಗುತ್ತದೆ. ನೆಟ್ಸ್ ಹಾರ್ಡನ್‌ಗೆ ಮೊದಲೂ ಪ್ರಬಲ ತಂಡವೇ ಆಗಿತ್ತು. ಹಾರ್ಡನ್ ಬಂದ ಮೇಲೆ ಶಿಖರ ಎತ್ತರವಾಯಿತು, ಕೆಳಗಿನ ಮಣ್ಣು ಖಾಲಿಯಾಯಿತು.

ಈ ವಾದದ ವಿರುದ್ಧ ಅತ್ಯಂತ ಬಲವಾದ ಸಾಕ್ಷಿ 2007-08ರ ಬಾಸ್ಟನ್. ಹಿಂದಿನ ವರ್ಷ 24 ಗೆದ್ದು 58 ಸೋತ, ನಡುವೆ ಸಾಲಾಗಿ 18 ಪಂದ್ಯ ಕಳೆದುಕೊಂಡ ತಂಡವದು. ಪಾಲ್ ಪಿಯರ್ಸ್ ಜೊತೆಗೆ ಕೆವಿನ್ ಗಾರ್ನೆಟ್, ರೇ ಆ್ಯಲನ್ ಬಂದರು. ಮೊದಲ ವರ್ಷವೇ 66 ಗೆಲುವು, ಪ್ರಶಸ್ತಿ. ಮೂವರು ತಾರೆಯರು, ಯುವಕರನ್ನು ಮಾರಿ ಕೊಂಡದ್ದು, ಆದರೂ ಕುಸಿಯಲಿಲ್ಲ. ಹೇಗೆ? ಆ ವರ್ಷ ಪಿಯರ್ಸ್ 80, ಆ್ಯಲನ್ 73, ಗಾರ್ನೆಟ್ 71 ಪಂದ್ಯ ಆಡಿದರು ಎಂಬುದು ಅರ್ಧ ಉತ್ತರ. ಉಳಿದರ್ಧ, ಕೆಳಗಿನ ಸಾಲಿನಲ್ಲಿ ರಾಜನ್ ರಾಂಡೊ, ಕೆಂಡ್ರಿಕ್ ಪರ್ಕಿನ್ಸ್, ಜೇಮ್ಸ್ ಪೋಸಿ ಎಂಬವರಿದ್ದರು. ಎಂಟನೆಯವನನ್ನು ಅವರು ಮಾರಿರಲಿಲ್ಲ. ಮರುವರ್ಷ ಅದೇ ತಂಡ ಮೊದಲ 29ರಲ್ಲಿ 27 ಗೆದ್ದು ಇನ್ನೂ ಭಯಂಕರವಾಗಿತ್ತು. ಪೋಸಿ ಬೇರೆ ತಂಡಕ್ಕೆ ಹೋಗಿದ್ದರು. ಫೆಬ್ರವರಿಯಲ್ಲಿ ಗಾರ್ನೆಟ್ ಮೊಣಕಾಲು ಕೈಕೊಟ್ಟಿತು. ಎರಡನೆಯ ಸುತ್ತಿನಲ್ಲಿ ಆರ್ಲಾಂಡೊ ಅವರನ್ನು ಮನೆಗೆ ಕಳಿಸಿತು. ಅಪವಾದ ಎನ್ನುವ ಉದಾಹರಣೆ ಎರಡನೆಯ ವರ್ಷದಲ್ಲಿ ನಿಯಮದ ಉದಾಹರಣೆಯಾಯಿತು.

2010-11ರ ಮಯಾಮಿಯನ್ನೂ ಇಲ್ಲಿ ನೆನೆಯಬೇಕು, ಏಕೆಂದರೆ ಅಹಂಕಾರದ ವಾದ ಅಷ್ಟು ಜೋರಾಗಿ ಕೇಳಿಸಿದ್ದು ಮತ್ತೆಂದೂ ಇಲ್ಲ. ತಾನು ಯಾವ ತಂಡ ಸೇರುತ್ತೇನೆಂದು ಲೆಬ್ರಾನ್ ಟೀವಿಯಲ್ಲಿ ಕಾರ್ಯಕ್ರಮವನ್ನೇ ಮಾಡಿ ಘೋಷಿಸಿದ್ದರು. ಡ್ವೇನ್ ವೇಡ್, ಕ್ರಿಸ್ ಬಾಷ್ ಜೊತೆಗೂಡಿದ ಆ ತಂಡ ಮೊದಲ 17ರಲ್ಲಿ 8 ಸೋತಾಗ, ಡಲ್ಲಾಸ್ ಪಂದ್ಯದಲ್ಲಿ ಲೆಬ್ರಾನ್ ಭುಜ ಕೋಚ್ ಎರಿಕ್ ಸ್ಪೋಲ್‌ಸ್ಟ್ರಾ ಭುಜಕ್ಕೆ ತಾಗಿದ್ದನ್ನೇ ವಾರಗಟ್ಟಲೆ ಚರ್ಚಿಸಲಾಯಿತು. ಮಾರ್ಚ್‌ನಲ್ಲಿ ಸಾಲಾಗಿ ನಾಲ್ಕನೆಯದನ್ನು ಸೋತಾಗ ಡ್ರೆಸಿಂಗ್ ರೂಮಿನಲ್ಲಿ ಕಣ್ಣೀರು ಬಂತೆಂದು ಕೋಚ್ ಬಾಯಿಬಿಟ್ಟು, ಗೇಲಿಗೆ ಗುರಿಯಾದರು. ಆದರೆ ಅವರ ಸರಪಳಿ ಐದಕ್ಕೇ ತುಂಡಾಯಿತು. ಋತುವಿನ ಕೊನೆಗೆ 58 ಗೆಲುವು. ಆ ವರ್ಷ ಲೆಬ್ರಾನ್ 79, ಬಾಷ್ 77, ವೇಡ್ 76 ಪಂದ್ಯ ಆಡಿದ್ದರು, ಮೂವರೂ ಮೂವತ್ತರ ಒಳಗಿನವರು. ಹೊಂದಿಕೆಯ ತೊಂದರೆ ದಿನಗಳೆದಂತೆ ಕರಗುತ್ತದೆ, ಕರಗಿತು. ಫೈನಲ್‌ನಲ್ಲಿ ಡಲ್ಲಾಸ್‌ಗೆ ಸೋತ ಮೇಲೆ ಅವರು ನಾಲ್ಕನೆಯ ತಾರೆಯನ್ನು ಹುಡುಕಲಿಲ್ಲ. 2011ರಲ್ಲಿ ಶೇನ್ ಬ್ಯಾಟಿಯರ್, 2012ರಲ್ಲಿ ಹಳೆಯ ಬಾಸ್ಟನ್‌ನ ರೇ ಆ್ಯಲನ್, ಹೀಗೆ ಬೆಂಚನ್ನು ತುಂಬಿದರು. 2012, 2013ರಲ್ಲಿ ಪ್ರಶಸ್ತಿ ಬಂತು. 2013ರ ಫೈನಲ್‌ನ ಆರನೆಯ ಪಂದ್ಯದಲ್ಲಿ, ಎಲ್ಲ ಮುಗಿಯಿತು ಎನ್ನುವ ಹೊತ್ತಿಗೆ, ಪಂದ್ಯವನ್ನು ಸಮಕ್ಕೆ ತಂದ ಮೂರಂಕದ ಎಸೆತ ಮೂವರು ತಾರೆಯರಲ್ಲಿ ಯಾರದ್ದೂ ಅಲ್ಲ, ರೇ ಆ್ಯಲನ್‌ರದ್ದು.

ನೆಟ್ಸ್‌ಗೆ ಬೆಂಚು ತುಂಬಲು ಕೈಯಲ್ಲಿ ಏನೂ ಉಳಿದಿರಲಿಲ್ಲ. ಫೆಬ್ರವರಿ 10ರಂದು ಹಾರ್ಡನ್‌ರನ್ನು ಕೊಟ್ಟು ಬೆನ್ ಸಿಮನ್ಸ್, ಸೆತ್ ಕರಿ, ಆಂಡ್ರೆ ಡ್ರಮಂಡ್ ಮತ್ತು ಎರಡು ಡ್ರಾಫ್ಟ್ ಹಕ್ಕು ತಂದರು. ಸಿಮನ್ಸ್ ಆ ಋತುವಿನಲ್ಲಿ ಒಂದು ನಿಮಿಷವೂ ಆಡಲಿಲ್ಲ. ಫೆಬ್ರವರಿ 14ರಂದು ಸ್ಯಾಕ್ರಮೆಂಟೊ ವಿರುದ್ಧ 109-85ರಿಂದ ಗೆದ್ದು ಸರಪಳಿ ಕಡಿಯಿತು. ಮುಂದಿನ ಫೆಬ್ರವರಿಯಲ್ಲಿ ಅರ್ವಿಂಗ್ ಡಲ್ಲಾಸ್‌ಗೆ, ಡ್ಯುರಾಂಟ್ ಫೀನಿಕ್ಸ್‌ಗೆ ಹೋದರು. ಫೀನಿಕ್ಸ್ ಕೆಲವೇ ತಿಂಗಳಲ್ಲಿ ಡೆವಿನ್ ಬುಕರ್, ಡ್ಯುರಾಂಟ್ ಜೊತೆಗೆ ಬ್ರ್ಯಾಡ್ಲಿ ಬೀಲ್ ಎಂಬ ಮೂರನೆಯವರನ್ನೂ ತಂದಿತು. 2024-25ರಲ್ಲಿ ಲೀಗಿನಲ್ಲೇ ಅತಿ ದುಬಾರಿಯಾದ ಆ ತಂಡ 36 ಗೆದ್ದು 46 ಸೋತು ಪ್ಲೇಆಫ್‌ನಿಂದ ಹೊರಗುಳಿಯಿತು. ಇಷ್ಟರಲ್ಲಿ ಲೀಗ್ 2023ರ ಹೊಸ ಒಪ್ಪಂದದಲ್ಲಿ ಸಂಬಳದ ಎರಡನೆಯ ಗೆರೆಯೊಂದನ್ನು ಎಳೆದು, ಅದನ್ನು ದಾಟಿದ ತಂಡಗಳ ಕೈಕಾಲು ಇನ್ನಷ್ಟು ಕಟ್ಟಿತ್ತು. ಮೂರು ಹೆಸರುಗಳ ಆಸೆ ಮಾತ್ರ ಬಿಟ್ಟಂತೆ ಕಾಣುವುದಿಲ್ಲ. ಟಿಕೆಟ್, ಜೆರ್ಸಿ ಮಾರಾಟವಾಗುವುದು ಎಂಟನೆಯವನ ಹೆಸರಿನಲ್ಲಲ್ಲವಲ್ಲ.

2022ರ ಆ ಋತುವನ್ನು ನೆಟ್ಸ್ 44 ಗೆಲುವು, 38 ಸೋಲಿನೊಂದಿಗೆ ಮುಗಿಸಿತು. ವಿಚಿತ್ರವೆಂದರೆ 2013-14ರಲ್ಲೂ ಅದರ ಲೆಕ್ಕ ಇಷ್ಟೇ: 44-38. ಆಗಲೂ ಅದು ತಾರೆಯರ ತಂಡ. ಬಾಸ್ಟನ್‌ನ ಗಾರ್ನೆಟ್ ಮತ್ತು ಪಿಯರ್ಸ್‌ರನ್ನು, ಇಬ್ಬರಿಗೂ ಮೂವತ್ತೈದು ದಾಟಿದ ಮೇಲೆ, ಮುಂದಿನ ವರ್ಷಗಳ ಮೊದಲ ಸುತ್ತಿನ ಡ್ರಾಫ್ಟ್ ಹಕ್ಕುಗಳನ್ನು ಕೊಟ್ಟು ಕೊಂಡಿದ್ದರು. ಆ ಹಕ್ಕುಗಳಲ್ಲಿ 2016ರದ್ದನ್ನು ಬಳಸಿ ಬಾಸ್ಟನ್ ಜೇಲನ್ ಬ್ರೌನ್ ಎಂಬ ಹುಡುಗನನ್ನು ಆರಿಸಿಕೊಂಡಿತು. 2017ರಲ್ಲಿ ನೆಟ್ಸ್‌ನಿಂದ ಬಂದ ಮೊದಲ ಸರದಿಯನ್ನು ಫಿಲಡೆಲ್ಫಿಯಾಕ್ಕೆ ಕೊಟ್ಟು, ಅಲ್ಲಿಂದ ಪಡೆದ ಮೂರನೆಯ ಸರದಿಯಲ್ಲಿ ಜೇಸನ್ ಟೇಟಮ್‌ನನ್ನು ತಂದಿತು. 2022ರ ಏಪ್ರಿಲ್‌ನಲ್ಲಿ ಪ್ಲೇಆಫ್‌ನ ಮೊದಲ ಸುತ್ತಿನಲ್ಲಿ ನೆಟ್ಸ್‌ಗೆ ಎದುರಾದದ್ದು ಅದೇ ಬಾಸ್ಟನ್. ಡ್ಯುರಾಂಟ್ ಮರಳಿದ್ದರು, ನಗರದ ನಿಯಮ ಸಡಿಲಗೊಂಡು ಅರ್ವಿಂಗ್ ಕೂಡ ಇದ್ದರು. ನಾಲ್ಕು ಪಂದ್ಯ, ನಾಲ್ಕೂ ಸೋಲು; ನಾಲ್ಕರ ಅಂತರವನ್ನೂ ಕೂಡಿದರೆ ಹದಿನೆಂಟೇ ಅಂಕ. ಮೊದಲ ಪಂದ್ಯದಲ್ಲಿ ನೆಟ್ಸ್ ಒಂದು ಅಂಕ ಮುಂದಿತ್ತು. ಗಡಿಯಾರ ಸೊನ್ನೆಗೆ ಬರುವ ಹೊತ್ತಿಗೆ ಬುಟ್ಟಿಯ ಬಳಿ ಚೆಂಡು ಒಬ್ಬನ ಕೈಗೆ ಬಂತು; ಅವನು ಗಿರ್ರನೆ ತಿರುಗಿ ಚೆಂಡನ್ನು ಮೇಲಕ್ಕೆ ಬಿಟ್ಟ. 115-114. ಅವನು ಟೇಟಮ್.